ಕೇಳುವವರಿದ್ದರೆ ಹೇಳುವವರು



ಮೈಕಿನ ಮುಂದೆ ಕೂತು ಮಾತಾಡುವ ನಮ್ಮಂಥವರಿಗೆ ಯಾವಾಗಲೂ ಒಂದು ಕುತೂಹಲ ಇದ್ದೇ ಇರುತ್ತದೆ. ಎದುರಿಗೆ ಒಂದು ಗಾಜಿನ ಗೋಡೆ, ಅದರಾಚೆ ಒಬ್ಬ ತಂತ್ರಜ್ಞ, ಅಷ್ಟೆ. ನಾವು ಆಡಿದ ಮಾತು ಡೊಂಬಿವಲಿಯ ಯಾವ ಅಡುಗೆಮನೆ ಸೇರಿತು, ಮಾಟುಂಗದ ಯಾವ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಕೇಳಿಸಿತು, ಲೋಕಲ್ ರೈಲಿನಲ್ಲಿ ಯಾರ ಕಿವಿಗೆ ಬಿತ್ತು, ನಮಗೆ ತಿಳಿಯುವುದೇ ಇಲ್ಲ. ಹಾಗೆ ಆಡಿದ ಮಾತೊಂದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಜಗತ್ತಿನ ರೇಡಿಯೋ ಇತಿಹಾಸದಲ್ಲಿ ಒಂದು ಉದಾಹರಣೆ ಇದೆ. ಈ ಸಲದ ಪತ್ರಿಕೆಗೆ ಅದನ್ನೇ ಬರೆಯುತ್ತಿದ್ದೇನೆ. ಇದು ಎರಡು ಮನೆಯವರ ಕಥೆ. ನರಮೇಧದಿಂದ ಉಳಿದು ಬಂದ ಮೂವರು ಸೇರಿ ಒಂದೇ ಕುಟುಂಬವಾಗಿ, ತಮಗಾದದ್ದನ್ನು ಲೋಕಕ್ಕೆ ಹೇಳಿದ ಕಥೆ.

ಲಂಡನ್ನಿನಿಂದ ಬಂದ ದನಿ

1944ರ ಮಾರ್ಚ್ 28. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹಾಲೆಂಡ್ ದೇಶವನ್ನು ಹಿಟ್ಲರನ ಸೈನ್ಯ ಆಕ್ರಮಿಸಿ ನಾಲ್ಕು ವರ್ಷ ಆಗುತ್ತ ಬಂದಿತ್ತು. ಅಲ್ಲಿನ ಸರ್ಕಾರ ಲಂಡನ್ನಿಗೆ ಹೋಗಿ ಆಶ್ರಯ ಪಡೆದಿತ್ತು. ಅಲ್ಲಿಂದಲೇ ‘ರೇಡಿಯೋ ಒರಾನ್ಯೆ’ ಎಂಬ ಹೆಸರಿನಲ್ಲಿ ತನ್ನ ಜನರಿಗಾಗಿ ಡಚ್ ಭಾಷೆಯಲ್ಲಿ ಪ್ರಸಾರ ಮಾಡುತ್ತಿತ್ತು. ಆದರೆ ಕೇಳುವುದು ಸುಲಭವಿರಲಿಲ್ಲ. ಎಲ್ಲರೂ ತಮ್ಮ ರೇಡಿಯೋಗಳನ್ನು ತಂದು ಒಪ್ಪಿಸಬೇಕು ಎಂದು 1943ರಲ್ಲಿ ಜರ್ಮನರು ಆಜ್ಞೆ ಹೊರಡಿಸಿದ್ದರು. ಬಚ್ಚಿಟ್ಟುಕೊಂಡು ಕೇಳಿದವರಿಗೆ ಶಿಕ್ಷೆ ಕಾದಿತ್ತು. ಆದರೂ ಜನ ದನಿ ತಗ್ಗಿಸಿ ಕೇಳುತ್ತಲೇ ಇದ್ದರು.

ಆ ದಿನ ಮಾತಾಡಿದವರು ಶಿಕ್ಷಣ ಸಚಿವ ಗೆರಿಟ್ ಬೋಲ್ಕೆಸ್ಟೈನ್. ಅವರು ಹೇಳಿದ್ದರ ಸಾರಾಂಶ ಇಷ್ಟು: ಯುದ್ಧದ ಇತಿಹಾಸವನ್ನು ಸರ್ಕಾರಿ ಕಡತಗಳಿಂದಷ್ಟೇ ಬರೆಯಲಾಗದು. ಸಾಮಾನ್ಯ ಜನರ ದಿನಚರಿ, ಕಾಗದ ಪತ್ರ, ಇವೆಲ್ಲ ಬೇಕು. ಇಟ್ಟುಕೊಂಡಿರಿ, ಯುದ್ಧ ಮುಗಿದ ಮೇಲೆ ಸಂಗ್ರಹಿಸುತ್ತೇವೆ.

ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ಟ್ ಎಂಬ ಕಾಲುವೆ ಬೀದಿಯ 263ನೇ ನಂಬರಿನ ಕಟ್ಟಡದ ಹಿಂಭಾಗದಲ್ಲಿ ಅಡಗಿ ಕೂತಿದ್ದ ಎಂಟು ಜನ ಯಹೂದಿಗಳು ಈ ಮಾತು ಕೇಳಿಸಿಕೊಂಡರು. ಅವರಲ್ಲಿ ಒಬ್ಬಳು ಹದಿನಾಲ್ಕು ವರ್ಷದ ಆನ್ ಫ್ರ್ಯಾಂಕ್. ಎರಡು ವರ್ಷಗಳಿಂದ ದಿನಚರಿ ಬರೆಯುತ್ತಿದ್ದ ಹುಡುಗಿ. ಅದುವರೆಗೆ ಅದು ಅವಳ ಒಳಗುಟ್ಟು. ಈ ಭಾಷಣ ಕೇಳಿದ ಮೇಲೆ ಅವಳಿಗೆ ಅನ್ನಿಸಿತು, ಇದು ಯಾರಾದರೂ ಓದಬಹುದಾದ ಪುಸ್ತಕವಾಗಬಹುದು ಎಂದು. ಮೇ ತಿಂಗಳಲ್ಲಿ ಕೂತು, ಹಳೆಯದನ್ನೆಲ್ಲ ತಿದ್ದಿ, ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಇನ್ನೂರಕ್ಕೂ ಹೆಚ್ಚು ಹಾಳೆ ತುಂಬಿದವು. 1944ರ ಆಗಸ್ಟ್ 4ರಂದು ಪೊಲೀಸರು ಬಂದರು. ಬರವಣಿಗೆ ಅಲ್ಲಿಗೆ ನಿಂತಿತು.

ಜಗತ್ತು ಇಂದು ಓದುವ ಆ ದಿನಚರಿ ಅಂಥ ರೂಪ ಪಡೆದದ್ದಕ್ಕೆ ಒಂದು ರೇಡಿಯೋ ಭಾಷಣ ಕಾರಣ. ಬರೆದಿಡಿ, ನಾವು ಕೇಳುತ್ತೇವೆ ಎಂದು ಯಾರೋ ಹೇಳಿದರು. ಅದಕ್ಕೆ ಅವಳು ಬರೆದಳು.

ಒಂದೇ ಬಡಾವಣೆಯ ಎರಡು ಮನೆ

ಆನ್ ಅಪ್ಪನ ಹೆಸರು ಒಟ್ಟೊ ಫ್ರ್ಯಾಂಕ್. ಹುಟ್ಟಿದ್ದು 1889ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿ ಅಧಿಕಾರಿಯಾಗಿ ಹೋರಾಡಿದವರು. ತಾನು ಹೋರಾಡಿದ ದೇಶವೇ ತನ್ನನ್ನು ಹೊರಗಿನವನೆಂದು ದೂಡುತ್ತದೆ ಎಂದು ಅವರು ನೆನೆಸಿರಲಿಕ್ಕಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಹೆಂಡತಿ ಈಡಿತ್, ಮಕ್ಕಳು ಮಾರ್ಗೊ ಮತ್ತು ಆನ್ ಜೊತೆ ಹಾಲೆಂಡಿಗೆ ಬಂದು ನೆಲೆಸಿದರು. ಜ್ಯಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಪುಡಿಯ ವ್ಯಾಪಾರ.

ಹೀಗೆ ದಿಕ್ಕು ದಿಕ್ಕಿಗೆ ಹೊರಟವರಲ್ಲಿ ಕೆಲವರು ನಮ್ಮ ಈ ಊರಿಗೂ ಬಂದರು. ನಮ್ಮ ಹಿರಿಯರು ಬೆಳಗಾಗೆದ್ದು ಕೇಳುತ್ತಿದ್ದ ಆಕಾಶವಾಣಿಯ ಆ ಸಂಕೇತ ಸಂಗೀತವನ್ನು ನೆನಪಿಸಿಕೊಳ್ಳಿ. ಅದರ ಸಂಯೋಜಕರೆಂದು ಹೆಸರಾದ ವಾಲ್ಟರ್ ಕೌಫ್‌ಮನ್ 1934ರಲ್ಲಿ ಯೂರೋಪಿನಿಂದ ಬೊಂಬಾಯಿಗೆ ಬಂದ ಯಹೂದಿ ಸಂಗೀತಗಾರ. ಅಷ್ಟು ದೂರ ಬಂದವರು ಬದುಕಿದರು. ಹಾಲೆಂಡಿನಷ್ಟೇ ದೂರ ಹೋದವರನ್ನು ಹಿಟ್ಲರ್ ಹಿಂಬಾಲಿಸಿ ಹಿಡಿದ.

ಒಟ್ಟೊ ಇದ್ದ ಮೆರ್ವೆಡೆಪ್ಲೈನ್ ಬಡಾವಣೆಗೆ 1940ರಲ್ಲಿ ಇನ್ನೊಂದು ಸಂಸಾರ ಬಂತು. ವಿಯೆನ್ನಾ ನಗರದ ಗೈರಿಂಗರ್ ಕುಟುಂಬ. ಅಪ್ಪ ಎರಿಕ್, ಅಮ್ಮ ಫ್ರಿಟ್ಸಿ, ಮಗ ಹೈನ್ಸ್, ಮಗಳು ಈವಾ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ದೇಶವನ್ನು ನುಂಗಿದ ಮೇಲೆ ಮನೆ, ಕಾರ್ಖಾನೆ ಎಲ್ಲ ಬಿಟ್ಟು ಬೆಲ್ಜಿಯಂ ದಾರಿಯಾಗಿ ಬಂದಿದ್ದರು. ಈವಾ ಮತ್ತು ಆನ್ ಇಬ್ಬರ ವಯಸ್ಸಿಗೂ ಒಂದೇ ತಿಂಗಳ ಅಂತರ. ಈವಾ ಹುಟ್ಟಿದ್ದು 1929ರ ಮೇ 11, ಆನ್ ಹುಟ್ಟಿದ್ದು ಜೂನ್ 12. ಮನೆಗಳ ಮುಂದಿನ ಬಯಲಿನಲ್ಲಿ ಬೀದಿಯ ಮಕ್ಕಳೆಲ್ಲ ಸೇರಿ ಆಡುತ್ತಿದ್ದರು. ಆನ್ ಮಾತಿನ ಮಲ್ಲಿ, ಈವಾ ಸ್ವಲ್ಪ ಸಂಕೋಚದವಳು. ಡಚ್ ಇನ್ನೂ ಸರಿಯಾಗಿ ಬಾರದ ಈವಾ ಜೊತೆ ಒಟ್ಟೊ ಜರ್ಮನ್ ಭಾಷೆಯಲ್ಲಿ ಮಾತಾಡುತ್ತಿದ್ದರಂತೆ. ಪರವೂರಿನಲ್ಲಿ ನಮ್ಮ ಭಾಷೆ ಆಡುವವರು ಸಿಕ್ಕಿದರೆ ಹೇಗಿರುತ್ತದೆ ಎಂಬುದು ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1942ರ ಜುಲೈ ತಿಂಗಳಲ್ಲಿ ಹದಿನಾರರ ಆಸುಪಾಸಿನ ಮಾರ್ಗೊ ಮತ್ತು ಹೈನ್ಸ್ ಇಬ್ಬರಿಗೂ ಕೂಲಿ ಶಿಬಿರಕ್ಕೆ ಹಾಜರಾಗಬೇಕೆಂಬ ಕರೆ ಬಂತು. ಎರಡು ಮನೆಯವರೂ ಅಡಗಿಕೊಂಡರು. ಫ್ರ್ಯಾಂಕ್ ಸಂಸಾರ ಒಟ್ಟಿಗೆ ಅಡಗಿತು. ನಾಲ್ವರಿಗೂ ಒಂದೇ ಕಡೆ ಜಾಗ ಸಿಗದ ಗೈರಿಂಗರ್ ಸಂಸಾರ ಎರಡು ಪಾಲಾಯಿತು. ಅಮ್ಮನ ಜೊತೆ ಈವಾ, ಅಪ್ಪನ ಜೊತೆ ಹೈನ್ಸ್. ಹೊರಗೆ ತಲೆ ಹಾಕುವಂತಿಲ್ಲದ ಆ ದಿನಗಳಲ್ಲಿ ಹೈನ್ಸ್ ಚಿತ್ರ ಬರೆಯುವುದನ್ನು ಹಿಡಿದ.

1944ರ ಮೇ 11, ಈವಾಳ ಹದಿನೈದನೇ ಹುಟ್ಟುಹಬ್ಬದ ದಿನ. ಯಾರೋ ಕೊಟ್ಟ ಸುಳಿವು ಹಿಡಿದು ಪೊಲೀಸರು ಬಂದರು. ನಾಲ್ವರನ್ನೂ ಪೋಲೆಂಡಿನ ಆಶ್‌ವಿಟ್ಜ್ ಶಿಬಿರಕ್ಕೆ ಹೋಗುವ ರೈಲಿಗೆ ಹತ್ತಿಸಿದರು. ದನಗಳನ್ನು ಸಾಗಿಸುವ ಡಬ್ಬಿ. ಆ ಪ್ರಯಾಣದಲ್ಲಿ ನಡೆದ ಎರಡು ಸಣ್ಣ ಸಂಗತಿಗಳನ್ನು ಈವಾ ಮುಂದೆ ಮತ್ತೆ ಮತ್ತೆ ಹೇಳಿದರು. ಒಂದು, ಬಿಸಿಲಿನಲ್ಲೂ ಅಮ್ಮ ಅವಳಿಗೆ ಉದ್ದ ಕೋಟು, ದೊಡ್ಡ ಟೊಪ್ಪಿ ಹಾಕಿಸಿದ್ದು. ಇಳಿದ ಕೂಡಲೇ ವೈದ್ಯನೊಬ್ಬ ಆಯ್ಕೆ ಮಾಡುತ್ತಿದ್ದ. ಮಕ್ಕಳಂತೆ ಕಂಡವರು ನೇರ ವಿಷಾನಿಲದ ಕೋಣೆಗೆ. ಟೊಪ್ಪಿ ಹಾಕಿದ್ದ ಈವಾ ದೊಡ್ಡವಳಂತೆ ಕಂಡಳು, ಉಳಿದಳು. ಎರಡನೆಯದು, ಅಣ್ಣ ಹೈನ್ಸ್ ಅವಳಿಗೆ ಒಂದು ಗುಟ್ಟು ಹೇಳಿದ್ದು. ತಾನು ಬರೆದ ಚಿತ್ರಗಳನ್ನು ಅಡಗಿದ್ದ ಮನೆಯ ನೆಲದ ಹಲಗೆ ಕೆಳಗೆ ಇಟ್ಟಿದ್ದೇನೆ, ನಾನು ಬರದೇ ಹೋದರೆ ನೀನು ಹೋಗಿ ತೆಗೆದುಕೋ ಎಂದಿದ್ದ.

ಯಾರಿಗೂ ಕೇಳುವ ವ್ಯವಧಾನವಿರಲಿಲ್ಲ

1945ರ ಜನವರಿ 27ರಂದು ಸೋವಿಯತ್ ಸೈನ್ಯ ಆಶ್‌ವಿಟ್ಜ್ ತಲುಪಿತು. ಹೆಂಗಸರ ಶಿಬಿರದಲ್ಲಿ ಈವಾ ಮತ್ತು ಫ್ರಿಟ್ಸಿ ಜೀವಂತ ಉಳಿದಿದ್ದರು. ಅಪ್ಪ, ಅಣ್ಣ ಸಿಗಬಹುದೆಂದು ಈವಾ ಹಿಮದಲ್ಲಿ ನಡೆದು ಗಂಡಸರ ಶಿಬಿರಕ್ಕೆ ಹೋದಳು. ಅವರಿಬ್ಬರೂ ಇರಲಿಲ್ಲ. ಜರ್ಮನರು ಓಡುವಾಗ ನಡೆಸಿಕೊಂಡು ಹೋದ ಸಾವಿರಾರು ಕೈದಿಗಳಲ್ಲಿ ಅವರೂ ಸೇರಿದ್ದರು. ಬದಲಿಗೆ ಅಲ್ಲಿ ಮೂಳೆಚಕ್ಕಳವಾಗಿ ಕೂತಿದ್ದ ಒಬ್ಬರ ಮುಖ ಎಲ್ಲೋ ನೋಡಿದಂತೆ ಕಂಡಿತು. ಅದು ಒಟ್ಟೊ ಫ್ರ್ಯಾಂಕ್, ಬಡಾವಣೆಯ ಗೆಳತಿಯ ಅಪ್ಪ.

ಕಪ್ಪು ಸಮುದ್ರದ ಒಡೆಸ್ಸಾ ಬಂದರಿನಿಂದ ಹಡಗು ಹತ್ತಿ, ಫ್ರಾನ್ಸಿನ ಮಾರ್ಸೇ ಮುಟ್ಟಿ, ಮೂವರೂ ಜೂನ್ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಮರಳಿದರು. ಹೆಂಡತಿ ಈಡಿತ್ ತೀರಿಹೋದ ಸುದ್ದಿ ಒಟ್ಟೊಗೆ ದಾರಿಯಲ್ಲೇ ಗೊತ್ತಾಗಿತ್ತು. ಮಾರ್ಗೊ ಮತ್ತು ಆನ್ ಬೆರ್ಗೆನ್ ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡದ್ದು ತಿಳಿದದ್ದು ಜುಲೈನಲ್ಲಿ. ಎರಿಕ್ ಮತ್ತು ಹೈನ್ಸ್ ಕೂಡ ಬರಲಿಲ್ಲ. ಇಬ್ಬರೂ ಆಸ್ಟ್ರಿಯಾದ ಶಿಬಿರದಲ್ಲಿ, ಯುದ್ಧ ಮುಗಿಯಲು ಸ್ವಲ್ಪ ಮೊದಲು ಸತ್ತಿದ್ದರು. ಹಾಲೆಂಡಿನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಮಂದಿ ಕೊಲೆಯಾಗಿದ್ದರು. ರೈಲು ಹತ್ತಿದ್ದ 1,07,000 ಜನರಲ್ಲಿ ಮರಳಿದ್ದು ಸುಮಾರು 5,000. ಯೂರೋಪಿನ ಒಟ್ಟು ಲೆಕ್ಕ 60 ಲಕ್ಷ.

ಹೀಗೆ ಬಂದವರನ್ನು ಊರು ಹೇಗೆ ಕಂಡಿತು? ಕೈಕಾಲು ತೊಳೆಯಲು ನೀರು ಕೊಟ್ಟು, ಕೂರಿಸಿ, ಏನಾಯಿತು ಹೇಳಿ ಎಂದು ಕೇಳಿತು ಎಂದುಕೊಂಡರೆ ತಪ್ಪು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಬರಗಾಲ. ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದಿದ್ದರು, ಸಾವಿರಾರು ಮಂದಿ ಹಸಿವಿನಿಂದ ಸತ್ತಿದ್ದರು. ನಾವೂ ಕಷ್ಟಪಟ್ಟಿದ್ದೇವೆ, ಮುಗಿದದ್ದು ಮುಗಿಯಿತು, ಮುಂದಿನದು ನೋಡಿ ಎನ್ನುವ ಮನೋಭಾವ. ಅದು ಕ್ರೌರ್ಯವಲ್ಲ, ಸುಸ್ತು. ಆದರೆ ಹೇಳಬೇಕಾದವರು ಬಾಯಿ ಮುಚ್ಚಿಕೊಂಡರು. ಈವಾ ಮುಚ್ಚಿಕೊಂಡದ್ದು ನಲವತ್ತು ವರ್ಷ.

ಅಪ್ಪ ಮಾಡಿದ ಕೆಲಸ

ಒಟ್ಟೊ ಕೈಗೆ ಮಗಳ ದಿನಚರಿ ಬಂತು. ಅಡಗಿದ್ದವರಿಗೆ ಎರಡು ವರ್ಷ ಅನ್ನ ಒದಗಿಸಿದ್ದ ಕಚೇರಿಯ ಉದ್ಯೋಗಿಗಳಲ್ಲಿ ಒಬ್ಬರಾದ ಮೀಪ್ ಖೀಸ್ ಆ ಹಾಳೆಗಳನ್ನು ಆರಿಸಿ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟಿದ್ದರು. ಆನ್ ಬರಲಿ, ಅವಳ ಕೈಗೇ ಕೊಡೋಣ ಎಂದು. ಆನ್ ಬರುವುದಿಲ್ಲ ಎಂದು ತಿಳಿದ ದಿನ ಅದನ್ನು ಅಪ್ಪನ ಕೈಗಿತ್ತರು.

ಪ್ರಕಾಶಕರು ಮೊದಲು ಒಪ್ಪಲಿಲ್ಲ. ಯುದ್ಧದ ಮಾತು ಯಾರಿಗೆ ಬೇಕು ಎಂದರು. 1947ರ ಜೂನ್ 25ರಂದು ಪುಸ್ತಕ ಹೊರಬಂತು, ಸುಮಾರು 3,000 ಪ್ರತಿ. ಮುಂದೆ 1952ರಲ್ಲಿ ಅಮೆರಿಕಾದಲ್ಲಿ ಇಂಗ್ಲಿಷ್ ಅನುವಾದ, 1955ರಲ್ಲಿ ನಾಟಕ, 1959ರಲ್ಲಿ ಸಿನಿಮಾ. ಈಗ ಅದು 70ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಕೆಡವಲು ಹೊರಟಿದ್ದ ಆ ಕಟ್ಟಡವನ್ನು ಉಳಿಸಿಕೊಂಡು 1960ರ ಮೇ 3ರಂದು ಮ್ಯೂಸಿಯಂ ಮಾಡಿದರು.

ಈ ನಡುವೆ ಒಟ್ಟೊ ಮತ್ತು ಫ್ರಿಟ್ಸಿ ಒಬ್ಬರಿಗೊಬ್ಬರು ಆಸರೆಯಾಗಿ, 1953ರ ನವೆಂಬರಿನಲ್ಲಿ ಮದುವೆಯಾದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಕಡೆ ಮನೆ ಮಾಡಿದರು. ಈವಾಗೆ ಒಟ್ಟೊ ಮಲತಂದೆಯಾದರು. ಈ ದಂಪತಿಯ ಮುಂದಿನ ಬದುಕೆಲ್ಲ ಕಾಗದ ಬರೆಯುವುದರಲ್ಲಿ ಕಳೆಯಿತು ಎಂದರೂ ಸರಿ. ಪುಸ್ತಕ ಓದಿದ ಹುಡುಗ ಹುಡುಗಿಯರು ಲೋಕದ ಮೂಲೆ ಮೂಲೆಯಿಂದ ಬರೆಯುತ್ತಿದ್ದರು. ಸಾವಿರಾರು ಕಾಗದಗಳು. ಒಟ್ಟೊ ಉತ್ತರ ಬರೆಯುತ್ತಿದ್ದರು, ಫ್ರಿಟ್ಸಿ ಜೊತೆಗೆ ಕೂತು ಸಹಾಯ ಮಾಡುತ್ತಿದ್ದರು. ಕೆಲವು ಓದುಗರ ಜೊತೆ ಈ ಪತ್ರವ್ಯವಹಾರ ವರ್ಷಾನುಗಟ್ಟಲೆ ನಡೆಯಿತು. ಕೇಳುಗರ ಪತ್ರಗಳಿಗೆ ಉತ್ತರಿಸುವ ಕೆಲಸ ನನಗೂ ಗೊತ್ತು, ಹತ್ತು ಪತ್ರವಾದ ಮೇಲೆ ಕೈ ಸೋಲುತ್ತದೆ. ಇವರು 1980ರಲ್ಲಿ ಒಟ್ಟೊ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ಎಲ್ಲ ಕಾಗದಗಳೂ ಪ್ರೀತಿಯವಾಗಿರಲಿಲ್ಲ. ದಿನಚರಿ ಸುಳ್ಳು, ಯಾರೋ ಕಟ್ಟಿದ್ದು ಎನ್ನುವವರು ಹುಟ್ಟಿಕೊಂಡರು. ಮಗಳನ್ನು ಕಳೆದುಕೊಂಡ ಅಪ್ಪ ಅವಳ ಕೈಬರಹ ನಿಜವೆಂದು ಜರ್ಮನಿಯ ಕೋರ್ಟಿನಲ್ಲಿ ಹೋರಾಡಬೇಕಾಯಿತು. ಒಟ್ಟೊ ತಮ್ಮ ನಂತರ ಆ ಹಸ್ತಪ್ರತಿಗಳು ಹಾಲೆಂಡಿನ ಯುದ್ಧ ದಾಖಲೆ ಸಂಸ್ಥೆಗೆ ಸೇರಬೇಕೆಂದು ಬರೆದಿಟ್ಟರು. ಕಾಗದ, ಶಾಯಿ, ಕೈಬರಹ ಎಲ್ಲದರ ವೈಜ್ಞಾನಿಕ ಪರೀಕ್ಷೆ ನಡೆದು, ಇದು ಆನ್ ಬರೆದದ್ದೇ ಎಂಬ ವರದಿ 1986ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯಲ್ಲಿ ಆ ಕಾಲದ ಬೇರೆ ಡಚ್ಚರ 2,000ಕ್ಕೂ ಹೆಚ್ಚು ದಿನಚರಿಗಳಿವೆ. ಬೋಲ್ಕೆಸ್ಟೈನರ ಕರೆ ವ್ಯರ್ಥವಾಗಲಿಲ್ಲ.

ನಲವತ್ತು ವರ್ಷದ ಮೇಲೆ ಬಂದ ಮಾತು

ಈವಾ ಕಥೆ ಬೇರೆ. ಅವರ ಮನಸ್ಸಿನ ತುಂಬ ಸಿಟ್ಟು. ದ್ವೇಷ ಇಟ್ಟುಕೊಂಡರೆ ದ್ವೇಷಿಸಿದವರಿಗೆ ಏನೂ ಆಗುವುದಿಲ್ಲ, ಇಟ್ಟುಕೊಂಡವರೇ ಸುಟ್ಟುಹೋಗುತ್ತಾರೆ ಎಂದು ಒಟ್ಟೊ ತಿಳಿಹೇಳುತ್ತಿದ್ದರಂತೆ. ತಮ್ಮ ಲೈಕಾ ಕ್ಯಾಮೆರಾ ಕೊಟ್ಟು, ಏನಾದರೂ ಕಲಿ ಎಂದರು. ಅದನ್ನು ಹಿಡಿದು ಈವಾ 1951ರಲ್ಲಿ ಲಂಡನ್ನಿಗೆ ಹೋದರು, ಮದುವೆಯಾದರು, ಮೂವರು ಹೆಣ್ಣುಮಕ್ಕಳನ್ನು ಸಾಕಿದರು. ಮುಂಗೈ ಮೇಲೆ ಹಚ್ಚೆ ಹಾಕಿದ ಶಿಬಿರದ ನಂಬರು ಇತ್ತು. ಮಾತು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಹೊರಗಿನ ಪ್ರಪಂಚ ನಿಧಾನವಾಗಿ ಕಿವಿ ತೆರೆಯುತ್ತಿತ್ತು. ಅದರಲ್ಲೂ ರೇಡಿಯೋದ ಪಾಲಿದೆ. ಯಹೂದಿಗಳನ್ನು ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ಅಡಾಲ್ಫ್ ಐಕ್‌ಮನ್ ಮೇಲೆ 1961ರಲ್ಲಿ ಜೆರುಸಲೇಮಿನಲ್ಲಿ ವಿಚಾರಣೆ ನಡೆಯಿತು. ನೂರಕ್ಕೂ ಹೆಚ್ಚು ಸಾಕ್ಷಿಗಳು ಬಂದು ಹೇಳಿದರು. ಇಸ್ರೇಲಿನಲ್ಲಿ ಆಗ ಟೆಲಿವಿಷನ್ ಇರಲಿಲ್ಲ. ಜನ ಮನೆಗಳಲ್ಲಿ, ಬಸ್ಸುಗಳಲ್ಲಿ ರೇಡಿಯೋ ಮುಂದೆ ಕೂತು ಕೇಳಿದರು. ಪಕ್ಕದ ಮನೆಯವರು ಏನು ಅನುಭವಿಸಿ ಬಂದಿದ್ದಾರೆ ಎಂಬುದು ಎಷ್ಟೋ ಜನರಿಗೆ ಗೊತ್ತಾದದ್ದೇ ಆಗ.

ಈವಾ ಬಾಯಿ ತೆರೆದದ್ದು 1986ರಲ್ಲಿ. ಆನ್ ಫ್ರ್ಯಾಂಕ್ ಕುರಿತ ಪ್ರದರ್ಶನವೊಂದು ಲಂಡನ್ನಿಗೆ ಬಂದಿತ್ತು. ಉದ್ಘಾಟನೆಯ ದಿನ ಈವಾರನ್ನು ಮುಂದಿನ ಸಾಲಿನ ಮೇಜಿಗೆ ಕೂರಿಸಿದ್ದರು. ಲಂಡನ್ನಿನ ರಾಜಕಾರಣಿ ಕೆನ್ ಲಿವಿಂಗ್‌ಸ್ಟನ್ ಮಾತು ಮುಗಿಸುತ್ತ, ಈಗ ಈವಾ ನಿಮ್ಮೊಂದಿಗೆ ಮಾತಾಡುತ್ತಾರೆ ಎಂದುಬಿಟ್ಟರು. ಮುಂಚೆ ಯಾರೂ ಹೇಳಿರಲಿಲ್ಲ. ಮೇಜಿನ ಕೆಳಗೆ ಅಡಗಿಬಿಡೋಣ ಅನ್ನಿಸಿತ್ತು ಎಂದು ಅವರು ಆಮೇಲೆ ನೆನೆಸಿಕೊಳ್ಳುತ್ತಿದ್ದರು. ಎದ್ದು ನಿಂತರು. ಮೊದಲು ತಡವರಿಸಿದರು. ಆಮೇಲೆ ಕಟ್ಟೆ ಒಡೆದಂತೆ ಮಾತು ಬಂತು.

ಅಲ್ಲಿಂದ ಮುಂದೆ ಅವರು ನಿಲ್ಲಲಿಲ್ಲ. 1988ರಲ್ಲಿ ಆತ್ಮಕಥೆ ಬಂತು. 1990ರ ದಶಕದಲ್ಲಿ ಅವರ ಅನುಭವವನ್ನು ಆಧರಿಸಿದ ನಾಟಕ ರಂಗಕ್ಕೆ ಬಂತು. ಶಾಲೆಗಳಿಗೆ, ಕಾಲೇಜುಗಳಿಗೆ, ಜೈಲುಗಳಿಗೆ ಹೋಗಿ ಮಾತಾಡಿದರು. ಮಾತಿನಲ್ಲಿ ಅಣ್ಣನ ಚಿತ್ರಗಳ ವಿಷಯ ಬಂದೇ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ಅಮ್ಮ ಮಗಳು ಆ ಮನೆ ಹುಡುಕಿಕೊಂಡು ಹೋಗಿ ಹಲಗೆ ಎತ್ತಿದ್ದರು. ಅಪ್ಪ ಮಗ ಸೇರಿ ಬರೆದ ಸುಮಾರು 30 ಚಿತ್ರಗಳು ಅಲ್ಲಿದ್ದವು. ಯುದ್ಧ ಮುಗಿದ ಮೇಲೆ ನಾವೇ ಬಂದು ಒಯ್ಯುತ್ತೇವೆ ಎಂಬ ಚೀಟಿಯೂ ಇತ್ತು. ಈ ಚಿತ್ರಗಳನ್ನು ಈಗ ಆಮ್‌ಸ್ಟರ್‌ಡ್ಯಾಮಿನ ಪ್ರತಿರೋಧ ಮ್ಯೂಸಿಯಂಗೆ ಕೊಟ್ಟಿದ್ದಾರೆ. ಆನ್ ಹೆಸರು ಎಲ್ಲರಿಗೂ ಗೊತ್ತು, ಹೈನ್ಸ್ ಹೆಸರು ಯಾರಿಗೂ ಗೊತ್ತಿಲ್ಲವಲ್ಲ ಎಂಬ ಕೊರಗು ಈವಾಗೆ ಇತ್ತು. ಅವರು ಹೇಳುತ್ತ ಹೋದದ್ದರಲ್ಲಿ ಅಣ್ಣನ ಋಣವೂ ಇತ್ತು.

2019ರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದ ಕೆಲವು ಹೈಸ್ಕೂಲು ಹುಡುಗರು ಪಾರ್ಟಿಯಲ್ಲಿ ಲೋಟಗಳನ್ನು ನಾಜಿಗಳ ಚಿಹ್ನೆಯಂತೆ ಜೋಡಿಸಿ, ಕೈ ಎತ್ತಿ ಸಲಾಮು ಹೊಡೆದು ಫೋಟೋ ತೆಗೆಸಿಕೊಂಡ ಸುದ್ದಿ ಹರಡಿತು. ಆಗ ತೊಂಬತ್ತರ ಹೊಸ್ತಿಲಲ್ಲಿದ್ದ ಈವಾ ಆ ಹುಡುಗರನ್ನು ಎದುರು ಕೂರಿಸಿಕೊಂಡು ಮಾತಾಡಿದರು. ಇನ್ನೊಂದು ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಕ್ಯಾಮೆರಾಗಳ ನಡುವೆ ಕೂತು ನೂರಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಮುಂದೆ ಹುಟ್ಟುವ ಮಕ್ಕಳು ಪ್ರಶ್ನೆ ಕೇಳಿದರೆ ಪರದೆಯ ಮೇಲಿನ ಈವಾ ಉತ್ತರಿಸುವ ಹಾಗೆ. ನಲವತ್ತು ವರ್ಷ ಯಾರೂ ಕೇಳದಿದ್ದ ಪ್ರಶ್ನೆಗಳಿಗೆ ಇನ್ನು ಯಾವ ಕಾಲದಲ್ಲಾದರೂ ಉತ್ತರ ಸಿಗುತ್ತದೆ.

ನಮ್ಮ ಮನೆಯಲ್ಲೂ

ಇದನ್ನೆಲ್ಲ ಓದುವಾಗ ನನಗೆ ನನ್ನ ಅಜ್ಜನ ನೆನಪಾಯಿತು. ಹೋಲಿಕೆ ಮಾಡುತ್ತಿಲ್ಲ, ಆ ನರಮೇಧಕ್ಕೆ ಹೋಲಿಕೆ ಹುಡುಕಬಾರದು. ನೆನಪಾದದ್ದು ಬೇರೆ ಕಾರಣಕ್ಕೆ. ಬೋಲ್ಕೆಸ್ಟೈನ್ ಮಾತಾಡಿ ಹದಿನೇಳು ದಿನವಾಗಿತ್ತು, 1944ರ ಏಪ್ರಿಲ್ 14. ಇದೇ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು, ಹತ್ತಿ ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿಯಿತು. ನೂರಾರು ಜನ ಸತ್ತರು. ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದ ಅಜ್ಜ ಆಗ ಹತ್ತೊಂಬತ್ತರ ಹುಡುಗ. “ಆ ದಿನ ಗ್ಲಾಸೆಲ್ಲ ಉದ್ರಿ ಬಿದ್ದಿತ್ ಮಗಾ” ಎಂದು ಒಮ್ಮೊಮ್ಮೆ ಶುರು ಮಾಡುತ್ತಿದ್ದರು. ನಾನು ಟಿವಿ ನೋಡುತ್ತ ಹ್ಞೂಂ ಎನ್ನುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಅವರು ಹೋದರು. ಆ ವಾಕ್ಯದ ಮುಂದಿನದು ಏನಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಊರವರ ಸಂದರ್ಶನ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ.

ಆದ್ದರಿಂದ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಅಜ್ಜ, ಅಜ್ಜಿ, ದೊಡ್ಡಪ್ಪ, ಅತ್ತೆ ಇರಬಹುದು. ಯಾವ ವರ್ಷ ಊರು ಬಿಟ್ಟರು, ಯಾವ ಗಾಡಿ ಹತ್ತಿದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಬೆಳಿಗ್ಗೆ ಏನು ತಿಂದರು ಎಂದು ಕೇಳಿ. ದೊಡ್ಡ ಪ್ರಶ್ನೆ ಕೇಳಿದರೆ “ಏನಿಲ್ಲ ಬಿಡು” ಎನ್ನುತ್ತಾರೆ. ಸಣ್ಣದು ಕೇಳಿದರೆ ದೊಡ್ಡದು ತಾನಾಗಿ ಬರುತ್ತದೆ. ಇದು ಸಂದರ್ಶನದ ಅನುಭವದಿಂದ ಹೇಳುವ ಮಾತು. ನಡುವೆ ಬಾಯಿ ಹಾಕಬೇಡಿ. ಮೊಬೈಲಿನಲ್ಲಿ ದನಿ ಹಿಡಿದಿಡಿ. ಊರು, ಇಸವಿ ಬರೆದಿಡಿ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಸುಮ್ಮನಿರಿ, ಎದ್ದು ಹೋಗಬೇಡಿ.

ನಾವು ರೇಡಿಯೋದವರು ಹೇಳುವವರು ಎಂದು ಹೆಸರು. ಆದರೆ ನಮ್ಮ ಕಸುಬು ನಿಂತಿರುವುದು ಕೇಳುವವರ ಮೇಲೆ. ಒಟ್ಟೊ, ಫ್ರಿಟ್ಸಿ, ಈವಾ ಮೂವರೂ ಕಲಿಸಿದ್ದು ಅದನ್ನೇ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ, ಎಂದಿನ ಹೊತ್ತಿಗೆ, ಎಂದಿನ ಕಂಪನಾಂಕದಲ್ಲಿ ಕಾಯುತ್ತಿರುತ್ತೇನೆ. ನಮಸ್ಕಾರ.